ಮುಖವಿಲ್ಲದ ಫ್ಲೆಕ್ಸ್

ನಮ್ಮ ಪಡಸಾಲೆಯ ಗೋಡೆಯ ಮೇಲೆ ಬಹಳ ವರ್ಷ ಮಾವನವರ ಒಂದು ದೊಡ್ಡ ಫೋಟೋ ಇತ್ತು. ಕರಿ ಕೋಟು, ಬಿಳಿ ಅಂಗಿ, ಜರಿ ರುಮಾಲು, ಬೆನ್ನ ಹಿಂದೆ ನೀಲಿ ಪರದೆ. ಮಾಡಿದವಳು ನಾನೇ. ಮಾವನವರು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಊರೂರಿಗೆ ಸೈಕಲ್ ತುಳಿದು ಎತ್ತು ಎಮ್ಮೆಗಳಿಗೆ ಸೂಜಿ ಹಾಕುತ್ತಲೇ ಆಯುಷ್ಯ ಕಳೆದ ಅವರಿಗೆ ಕ್ಯಾಮೆರಾ ಮುಂದೆ ನಿಲ್ಲುವ ಪುರುಸೊತ್ತು ಎಲ್ಲಿಂದ ಬರಬೇಕು? ಅವರು ತೀರಿಕೊಂಡಾಗ ಮನೆಯೆಲ್ಲ ಹುಡುಕಿದರೂ ಅವರೊಬ್ಬರದೇ ಅನ್ನುವ ಫೋಟೋ ಸಿಗಲಿಲ್ಲ. ಕೊನೆಗೆ ಯಾವುದೋ ಹಳೆಯ ಲಸಿಕೆ ಶಿಬಿರದ ಕಪ್ಪು ಬಿಳುಪು ಗುಂಪು ಫೋಟೋದ ಅಂಚಿನಲ್ಲಿ ತೊಗರಿ ಕಾಳಿನಷ್ಟು ಮುಖ ಸಿಕ್ಕಿತು. ಆ ಮುಖವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ದೊಡ್ಡದು ಮಾಡಿ, ಕಲೆ ಒರೆಸಿ, ಮೀಸೆಗೆ ಸ್ವಲ್ಪ ಬಿಳುಪು ಹಚ್ಚಿ, ಕೋಟಿನ ಮೇಲೆ ಕೂರಿಸಿದೆ.

ಓಣಿಯವರು ಬಂದು ನೋಡಿ, "ಥೇಟ್ ಸಾಹೇಬರಂಗ ಕಾಣಾಕತ್ಯಾರ" ಎಂದು ಹೊಗಳಿದರು. ನಾನು ಉಬ್ಬಿದೆ. ಅತ್ತೆ ಮಾತ್ರ ವಿಭೂತಿ ಬಟ್ಟಲು ಹಿಡಿದುಕೊಂಡು ಫೋಟೋದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ತಲಿ ನಮ್ಮವರ್ದು. ಮೈ ಯಾರ್ದಬೇ?"

ಮೈ ಅಫಜಲಪುರದ ಒಬ್ಬ ಮದುಮಗನದು. ಯಾವುದೋ ಕಾಲದ ಮದುವೆ ಫೋಟೋದಿಂದ ತೆಗೆದ ಕೋಟು ಅದು. ನಮ್ಮ ಕಂಪ್ಯೂಟರಿನಲ್ಲಿ ಅದರ ಹೆಸರು 'ಕೋಟ್ ಒಂದು'. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ತೀರಿಕೊಂಡ ಎಷ್ಟೋ ಹಿರಿಯರು ಅದೇ ಒಂದು ಕೋಟು ತೊಟ್ಟು ಗೋಡೆಯ ಮೇಲೆ ಕೂತಿದ್ದಾರೆ. ಸ್ಟುಡಿಯೋದವರೆಲ್ಲ ಹಾಗೇ ಮಾಡುವುದು, ಗಿರಾಕಿಗಳು ಕೇಳುವುದೂ ಅದನ್ನೇ. ಆದರೆ ಅವತ್ತಿನಿಂದ ನಮ್ಮ ಅಂಗಡಿಯಿಂದ ಹೊರಬಿದ್ದ ಯಾವ ಚಿತ್ರವನ್ನೂ ಅತ್ತೆ ನಂಬಲಿಲ್ಲ.

ಅಂಗಡಿ ಇರುವುದು ಜೇವರ್ಗಿಯ ಬಸ್ ನಿಲ್ದಾಣದ ಹತ್ತಿರ. ಹೆಸರಿಗೆ ಸ್ಟುಡಿಯೋ, ಹೊಟ್ಟೆಗೆ ಫ್ಲೆಕ್ಸ್. ಮಷೀನು ನೋಡಿಕೊಳ್ಳುವುದು, ಏಣಿ ಹತ್ತಿ ಫ್ಲೆಕ್ಸ್ ಕಟ್ಟುವುದು ನನ್ನ ಗಂಡನ ಕೆಲಸ. ಕಂಪ್ಯೂಟರ್ ನನ್ನದು. ನನ್ನ ತವರು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ಮದುವೆಗೆ ಮುಂಚೆ ಆಳಂದದ ಒಂದು ಸ್ಟುಡಿಯೋದಲ್ಲಿ ಡಿಸೈನ್ ಕಲಿತು ಬಂದವಳು. ನನ್ನಷ್ಟು ನಾಜೂಕಾಗಿ ತಲೆಗೂದಲು ಕತ್ತರಿಸುವವರು ಈ ಕಡೆ ಇಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ, ಇದು ಖರೆ.

ಫ್ಲೆಕ್ಸಿಗೆ ನಮ್ಮ ಕಡೆ ಒಂದು ರೀತಿ ಇದೆ. ಮೇಲೆ ದೊಡ್ಡ ಮುಖ, ಮುಗಿದ ಕೈ. ಕೆಳಗೆ ಸಾಲು ಸಾಲಾಗಿ ದುಂಡನೆಯ ಸಣ್ಣ ಮುಖಗಳು, ಶುಭ ಕೋರುವವರು. ಹುಟ್ಟುಹಬ್ಬ, ಗೃಹಪ್ರವೇಶ, ಸೊಸೈಟಿ ಚುನಾವಣೆ, ಏನೇ ಇರಲಿ, ಮುಖವಿಲ್ಲದ ಫ್ಲೆಕ್ಸ್ ಇಲ್ಲ. ನನ್ನ ದುಂಡು ಅವನ ದುಂಡಿಗಿಂತ ಸಣ್ಣದಾಯಿತೆಂದು ಜಗಳಕ್ಕೆ ಬರುವವರೂ ಇದ್ದಾರೆ. ನಾನೂ ಸುಮ್ಮನೆ ಕೇಳುವವಳಲ್ಲ, "ಮಾರಿ ಇದ್ದಷ್ಟು ಜಾಗ ಕೊಟ್ಟೇನಿ ನೋಡ್ರಿ" ಎಂದು ಕಳಿಸುತ್ತೇನೆ. ಈ ಎಲ್ಲ ಮುಖಗಳ ಹಿಂದೆ ಏನಾದರೂ ಝಗಮಗ ಇರಬೇಕಲ್ಲ? ಅದಕ್ಕೆಂದು ಒಂದು ಚಿತ್ರ ಇಟ್ಟುಕೊಂಡಿದ್ದೆ. ಕೆಳಗೆ ಇಟ್ಟಂಗಿ ಬಣ್ಣದ ಗುಡ್ಡಗಳು, ಮೇಲೆ ನೀಲಿ, ನಡುವೆ ಹೊಳೆಯುವ ಚುಕ್ಕಿಗಳು. ಎಲ್ಲಿಂದ ಇಳಿಸಿಕೊಂಡಿದ್ದೆನೋ ನೆನಪಿಲ್ಲ. ಅದಕ್ಕೆ ನಾನಿಟ್ಟ ಹೆಸರು 'ಹಬ್ಬದ ಮೋಡ'.

ಅತ್ತೆ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಬಂದವರ ಮುಂದೆಯೇ ನನ್ನ ಕೆಲಸದ ಬಗ್ಗೆ ಟೀಕೆ. "ಯಡ್ರಾಮಿ ದಾಟಿ ಹೋಗಲಾರದವನ್ನ ತಾಜಮಹಲ ಮುಂದ ನಿಂದರಸ್ಯಾಳ ನೋಡ್ರಿ ನನ್ನ ಸೊಸಿ!" ಗಿರಾಕಿ ನಗುತ್ತಾನೆ, ನಾನು ಮೌಸ್ ಕುಟ್ಟುತ್ತೇನೆ.

ಅಂಥ ಒಂದು ಮಧ್ಯಾಹ್ನ, ಫೆಬ್ರುವರಿಯಲ್ಲಿ, ಅಂದೋಲಾದ ಹೈಸ್ಕೂಲಿನ ವಿಜ್ಞಾನದ ಟೀಚರ್ ಬಂದರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಆಳಂದದ ಕಡೆಯವರು ಎಂದು ಗೊತ್ತಾದ ಕೂಡಲೇ ನನಗೆ ತವರಿನವರೇ ಬಂದಷ್ಟು ಖುಷಿಯಾಯಿತು. ಶಾಲೆಯಲ್ಲಿ ವಿಜ್ಞಾನ ದಿನವಂತೆ. ಒಂದು ಗೋಡೆಯ ತುಂಬ ಬರುವ ಫ್ಲೆಕ್ಸ್ ಬೇಕಂತೆ. ಪೆನ್‌ಡ್ರೈವ್ ಕೊಟ್ಟರು.

ಮೊದಲನೆಯ ಚಿತ್ರ ತೆರೆದೆ. ನನಗೆ ನಗು ತಡೆಯಲಾಗಲಿಲ್ಲ.

"ಟೀಚರ್ರಿ, ಇದು ನನ್ನ ಹತ್ರ ಮೊದಲೇ ಅದರಿ. ಹಬ್ಬದ ಮೋಡ. ಪಂಚಾಯ್ತಿ ಮೆಂಬರ ಹುಟ್ಟಹಬ್ಬಕ್ಕ ಇದನ್ನೇ ಹಾಕೇನಿ."

ಟೀಚರ್ ಬಾಗಿಲ ಹೊರಗೆ ಕಂಬಕ್ಕೆ ಕಟ್ಟಿದ್ದ ಮೆಂಬರರನ್ನು ನೋಡಿದರು, ನನ್ನ ಕಂಪ್ಯೂಟರ್ ನೋಡಿದರು, ಸೆರಗು ಬಾಯಿಗೆ ಹಿಡಿದು ನಕ್ಕರು.

"ಅಕ್ಕಾರ, ಇದು ಮೋಡ ಅನ್ನೋದು ಖರೇನೇ. ನೀಹಾರಿಕೆ ಅಂತಾರ. ಆದ್ರ ಇದರಾಗ ಚುಕ್ಕಿ ಹುಟ್ಟಾಕತ್ತಾವ್ರಿ. ನಮ್ಮ ಸೂರ್ಯನೂ ಒಂದು ಕಾಲಕ್ಕ ಇಂಥಾ ಮೋಡದಾಗೇ ಹುಟ್ಟಿದ್ದು."

"ಇದು ಬರದ ಚಿತ್ರ ಅಲ್ಲೇನ್ರಿ?"

"ಅಲ್ರಿ. ಫೋಟೋ. ಭೂಮಿ ಬಿಟ್ಟು ಹೋಗಿ ಆಕಾಶದಾಗ ನಿಂತ ದೂರದರ್ಶಕ ತಗದದ್ದು."

ನಾನು ಬೆರಗಾಗಿ ಕೂತೆ. ವರ್ಷಗಟ್ಟಲೆ ನಾನು ಮೆಂಬರರ ಮೀಸೆಯ ಹಿಂದೆ, ಸೊಸೈಟಿ ಅಧ್ಯಕ್ಷರ ಕಿವಿಯ ಹಿಂದೆ ಬಳಿದ ಗುಡ್ಡ ನಿಜವಾಗಿ ಇರುವ ಜಾಗ! ಅಲ್ಲಿ ಸೂರ್ಯರು ಹುಟ್ಟುತ್ತಿದ್ದಾರೆ, ನಾನು ಅದರ ಮೇಲೆ 'ಶುಭ ಕೋರುವವರು' ಎಂದು ಬರೆದು ದುಂಡು ಕೂರಿಸುತ್ತಿದ್ದೇನೆ. ಮುಖಗಳನ್ನೆಲ್ಲ ಸರಿಸಿ ಆ ಗುಡ್ಡವನ್ನು ಬರಿದಾಗಿ ನೋಡಿದ್ದು ಅವತ್ತೇ ಮೊದಲು. ಅದರ ಏಣುಗಳಿಂದ ಉಗಿಯಂಥದ್ದು ಏಳುತ್ತಿತ್ತು. ಕಣಿವೆಯೊಳಗೆ ಕೆಂಪು ಕಿಡಿಗಳು. ಇಷ್ಟು ಚೆಲುವಾದ ಒಂದು ವಸ್ತುವನ್ನು ನಾನು ಪರದೆ ಮಾಡಿಕೊಂಡಿದ್ದೆನಲ್ಲ ಎಂದು ನಗುವೂ ಬಂತು, ಹೆಮ್ಮೆಯೂ ಆಯಿತು. ಕಣ್ಣಿದ್ದೇ ಆರಿಸಿದ್ದೆ ನೋಡಿ!

ಟೀಚರಿಗೆ ಬೇಕಾಗಿದ್ದದ್ದು ಎರಡನೆಯ ಚಿತ್ರ. ಕಪ್ಪು. ಮೇಲೆ ಚಿಲ್ಲರೆ ಚಿಲ್ಲರೆಯಾಗಿ ಬಿಳಿ, ಹಳದಿ, ಕೆಂಪು ಕಣಗಳು. ಹಳೆಯ ಫೋಟೋ ಸ್ಕ್ಯಾನ್ ಮಾಡಿದಾಗ ಧೂಳು ಕೂತಿರುತ್ತದಲ್ಲ, ಹಾಗೆ. ಧೂಳು ಕಂಡರೆ ನನ್ನ ಕೈ ತಾನಾಗಿ ಒರೆಸುವ ಬ್ರಷ್ಷಿಗೆ ಹೋಗುತ್ತದೆ, ಹೋಯಿತು.

"ಅಕ್ಕಾರ, ಬ್ಯಾಡ್ರಿ!" ಟೀಚರ್ ನನ್ನ ಮಣಿಕಟ್ಟೇ ಹಿಡಿದುಬಿಟ್ಟರು. "ಹತ್ರ ಒಯ್ರಿ. ಒರಸಬ್ಯಾಡ್ರಿ."

ಒಂದು ಧೂಳಿನ ಕಣವನ್ನು ದೊಡ್ಡದು ಮಾಡಿದೆ. ಅದು ತಟ್ಟೆಯಾಯಿತು. ಇನ್ನೂ ದೊಡ್ಡದು ಮಾಡಿದೆ. ತಟ್ಟೆಗೆ ನಡುವೆ ಬೆಳಕು, ಸುತ್ತ ಸುರುಳಿ ಬಿಚ್ಚಿದ ತೋಳುಗಳು. "ಇದೊಂದು ಗ್ಯಾಲಕ್ಸಿರಿ. ಇದರಾಗ ಕೋಟಿ ಕೋಟಿ ಸೂರ್ಯರದಾರ" ಎಂದರು. ಪಕ್ಕದ ಕಣ ಹಿಡಿದೆ, ಅದೂ ಗ್ಯಾಲಕ್ಸಿ. ಮೂಲೆಯದು ಹಿಡಿದೆ, ಅದೂ. ಅತಿ ಸಣ್ಣ ಕೆಂಪು ಕಣವೊಂದನ್ನು, ಇದಾದರೂ ಧೂಳಿರಬೇಕು ಎಂದುಕೊಂಡು ಎಳೆದೆ. ಅದು ಎಲ್ಲಕ್ಕಿಂತ ದೂರದ್ದು. ನಮ್ಮ ಭೂಮಿ ಹುಟ್ಟುವುದಕ್ಕಿಂತ ಎಷ್ಟೋ ಮೊದಲು ಅಲ್ಲಿಂದ ಹೊರಟ ಬೆಳಕು ಅದು. ಕೆಲವು ಚಿಕ್ಕೆಗಳಿಗೆ ಸುತ್ತಲೂ ಚೂಪನೆಯ ಕೋಡುಗಳಿದ್ದವು. ಇದು ಯಾರೋ ನನ್ನಂಥವರು ಹೊಳಪಿಗೆಂದು ಹಾಕಿದ ಕೈಚಳಕ ಎಂದೆ. ಅಲ್ಲವಂತೆ. ಆ ದೂರದರ್ಶಕದ ಕನ್ನಡಿ ಆರು ಮೂಲೆಯ ತುಂಡುಗಳನ್ನು ಕೂಡಿಸಿ ಮಾಡಿದ್ದು, ಹತ್ತಿರದ ಚುಕ್ಕಿಯ ಬೆಳಕು ಅದಕ್ಕೆ ಬಡಿದಾಗ ಹಾಗೆ ಕೋಡು ಮೂಡುತ್ತದಂತೆ.

"ಕೋಡಿದ್ದದ್ದು ನಮ್ಮ ಗ್ಯಾಲಕ್ಸಿದೇ ಚುಕ್ಕಿ, ನೆರೆಮನಿಯವರು ಅನ್ರಿ. ಕೋಡಿಲ್ಲದ್ದೆಲ್ಲ ದೂರದ ಗ್ಯಾಲಕ್ಸಿಗಳು."

ಕೋಡಿದ್ದವು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಕೋಡಿಲ್ಲದವು. ಇಷ್ಟೆಲ್ಲ ಇರುವುದು ಎಷ್ಟು ಆಕಾಶದಲ್ಲಿ ಎಂದು ಕೇಳಿದೆ. ಟೀಚರ್ ಬಾಗಿಲ ಬಳಿ ಬಿದ್ದಿದ್ದ ಮರಳಿನಲ್ಲಿ ಒಂದು ಕಣ ಬೆರಳ ತುದಿಗೆ ಹತ್ತಿಸಿಕೊಂಡು, ಕೈ ಚಾಚಿ ಆಕಾಶಕ್ಕೆ ಹಿಡಿದರು. "ಇದು ಮುಚ್ಚಿದಷ್ಟು." ನಾನೂ ಒಂದು ಕಣ ಹತ್ತಿಸಿಕೊಂಡು ಕೈ ಚಾಚಿ ನಿಂತೆ. ಬಸ್ಸಿಗೆ ಕಾದವರೆಲ್ಲ ನಮ್ಮಿಬ್ಬರನ್ನು ನೋಡಿದರು. ನೋಡಲಿ ಎಂದುಕೊಂಡೆ. ನನ್ನ ಜೀವಮಾನದಲ್ಲಿ ಒಂದು ಫೋಟೋ ನೋಡಿ ಕಣ್ಣಲ್ಲಿ ನೀರು ಬಂದದ್ದು ಅವತ್ತು ಮಾತ್ರ.

ಒಳಗೆ ಬಂದು ಅತ್ತೆಗೆ ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಒಂದೊಂದನ್ನೂ ನೋಡಿದರು. ನೋಡಿ ಹೇಳಿದ್ದು ಒಂದೇ ಮಾತು.

"ಸುಳ್ಳ."

"ಅತ್ತಿ, ಇದು ನಾ ಮಾಡಿದ್ದಲ್ರಿ."

"ನಿನ್ನಂಥಾವ್ರೇ ಯಾರೋ ಮಾಡ್ಯಾರ. ಕಂಪ್ಯೂಟರ್ದಾಗ ಮೈ ಹಚ್ಚಾಕ ಬರ್ತದ, ಚುಕ್ಕಿ ಹಚ್ಚಾಕ ಬರಂಗಿಲ್ಲೇನು?"

ಇದು ಮನೆಯೊಳಗಿನ ಮಾತಾಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಆದರೆ ಅಂದೋಲಾದ ಆ ಶಾಲೆಯ ಕಮಿಟಿಗೆ ಅಧ್ಯಕ್ಷರು ಅತ್ತೆಯ ಖಾಸಾ ತಮ್ಮ. ಗೋಡೆಗೆ ಏನು ಬರಬೇಕೆಂದು ನಿರ್ಧರಿಸುವವರು ಅವರು. ಮರುದಿನ ಯಾವುದೋ ಕೆಲಸಕ್ಕೆ ಜೇವರ್ಗಿಗೆ ಬಂದವರು ಅಂಗಡಿಗೂ ಬಂದು, ಕಂಪ್ಯೂಟರಿನಲ್ಲಿ ಚಿತ್ರ ನೋಡಿ, ಹಿಂದಕ್ಕೆ ಸರಿದು ನೋಡಿ, ಕೊನೆಗೆ ನನ್ನನ್ನೇ ಕೇಳಿದರು.

"ಇಷ್ಟು ಜಾಗ ಖಾಲಿ ಬಿಟ್ಟೀಯಲ್ಲವಾ? ಮ್ಯಾಲ ನಂದೊಂದು ಫೋಟೋ ಹಾಕು. ಕೆಳಗ ಕಮಿಟಿಯವರ್ದು ದುಂಡಕ ಹಾಕು. ನಡುಕ ಬೇಕಾದ್ರ ಈ ಚುಕ್ಕಿ ಇರ್ಲಿ."

"ಮಾವಾರ, ಇದು ಖಾಲಿ ಜಾಗ ಅಲ್ರಿ. ಇದು ಖರೆ ಆಕಾಶದ ಫೋಟೋ. ಇದರ ಮ್ಯಾಲ ಏನೂ ಹಚ್ಚಬಾರದ್ರಿ."

ಅವರು ಅಕ್ಕನ ಮುಖ ನೋಡಿದರು. ಚಿಕ್ಕಂದಿನಿಂದ ಅಕ್ಕ ಹೇಳಿದ ಮಾತು ಮೀರಿದವರಲ್ಲ. ಅತ್ತೆ ಅದೇ ಹೇಳಿದರು: ಸುಳ್ಳ. ಕಡೆಗೆ ಒಂದು ತೀರ್ಮಾನವಾಯಿತು. ಈ ಚಿತ್ರ ಖರೆ ಎಂದು ಅಕ್ಕ ಒಪ್ಪಿದರೆ ಅದು ಇದ್ದ ಹಾಗೇ ಗೋಡೆಗೆ ಹೋಗಲಿ. ಸುಳ್ಳಾದರೆ ಬಣ್ಣದ ಬಟ್ಟೆ ಅಷ್ಟೇ ಅಲ್ಲವೇ, ಕಮಿಟಿಯ ಮುಖಗಳು ಬರಲಿ. ಅವರು ಮತ್ತೆ ಬರುವುದು ವಾರದ ಸಂತೆಗೆ. ಅಷ್ಟರೊಳಗೆ ನಾನು ಅತ್ತೆಯನ್ನು ಒಪ್ಪಿಸಬೇಕು.

ನನಗೆ ಹಟ ಬಂತು. ಆ ಮರಳಿನ ಕಣದಷ್ಟು ಆಕಾಶದ ಮೇಲೆ ಒಂದು ದುಂಡು ಕೂರಿಸಿದರೂ ಎಷ್ಟು ಗ್ಯಾಲಕ್ಸಿ ಮುಚ್ಚಿಹೋಗುತ್ತವೆ! ಅದು ಒಂದು ಸಂಕಟ. ಇನ್ನೊಂದು ಸಂಕಟ ನನ್ನದೇ. ದಿನಾ ಸುಳ್ಳು ಚಿತ್ರ ಮಾಡಿ ಎಲ್ಲರನ್ನೂ ನಂಬಿಸುತ್ತೇನೆ. ಕೈಗೆ ಒಂದು ಖರೆ ಚಿತ್ರ ಸಿಕ್ಕಾಗ ಮನೆಯವರೇ ನಂಬುವುದಿಲ್ಲ ಅಂದರೆ ಹೊಟ್ಟೆ ಉರಿಯುವುದಿಲ್ಲವೇ?

ಟೀಚರನ್ನು ಕರೆಸಿದೆ. ಅತ್ತೆಯ ಮುಂದೆ ಕೂರಿಸಿ, ವಕೀಲರ ಹಾಗೆ ಕೇಳಿದೆ. "ಹೇಳ್ರಿ ಟೀಚರ್ರಿ, ಈ ಫೋಟೋಕ್ಕ ಯಾರೂ ಕೈ ಹಚ್ಚಿಲ್ಲ, ಹೌದಲ್ರಿ?"

ಟೀಚರ್ ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವರು ಸುಳ್ಳಾಡುವವರಲ್ಲ.

"ಅಕ್ಕಾರ, ಅದು... ಫೋಟೋ ಬರೋದು ಕಪ್ಪು ಬಿಳುಪಿನಾಗರಿ. ಬಣ್ಣ ಆಮ್ಯಾಲ ಕಂಪ್ಯೂಟರ್ದಾಗ ಹಚ್ಯಾರ."

ಅತ್ತೆ ಚಪ್ಪಾಳೆ ತಟ್ಟಿದ್ದು ಓಣಿಗೆಲ್ಲ ಕೇಳಿಸಿರಬೇಕು. "ನೋಡಬೇ! ನಾ ಏನಂದಿದ್ದೆ? ಎಲ್ಲಾ ಕಡೆ ಒಂದೇ ಧಂದೆ!"

ನನಗೆ ಟೀಚರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವತ್ತು ಸಂಜೆ ರೊಟ್ಟಿ ಸೀದವು, ಗಂಡ ಸೀದ ರೊಟ್ಟಿಯನ್ನೇ ಸದ್ದಿಲ್ಲದೆ ತಿಂದರು. ಸಿಟ್ಟು ಇಳಿದ ಮೇಲೆ ತಲೆ ಓಡತೊಡಗಿತು. ಬಣ್ಣ ಹಚ್ಚಿದ್ದಾರೆ, ಸರಿ. ಹೇಗೆ ಹಚ್ಚಿದ್ದಾರೆ? ಮನಸ್ಸಿಗೆ ಬಂದ ಹಾಗೆಯೋ, ಲೆಕ್ಕ ಹಿಡಿದೋ? ಬಣ್ಣ ಹಚ್ಚುವುದು ನನ್ನ ಕಸುಬು, ಇದನ್ನು ಕೇಳಬೇಕಾದವಳು ನಾನು. ಮುಂಜಾನೆ ಎದ್ದವಳೇ ಟೀಚರಿಗೆ ಫೋನ್ ಮಾಡಿದೆ. ಅವರು ನಿನ್ನೆಯ ಮಾತಿಗೆ ಪೇಚಾಡಿಕೊಳ್ಳುತ್ತಿದ್ದರು, ನಾನು ಬಿಡಿಸಿ ಕೇಳಿದೆ. ಅವರು ಆ ಚಿತ್ರದ ಕಪ್ಪು ಬಿಳುಪಿನ ಮೂಲಗಳನ್ನು ಎಲ್ಲಿಂದಲೋ ಹುಡುಕಿ ಕಳಿಸಿದರು.

ಒಂದೇ ಆಕಾಶದ ಬೇರೆ ಬೇರೆ ಕಪ್ಪು ಬಿಳುಪು ಚಿತ್ರಗಳು. ಪ್ರತಿಯೊಂದನ್ನೂ ಬೇರೆ ಬೇರೆ ಜರಡಿಯಲ್ಲಿ ಬೆಳಕು ಸೋಸಿ ತೆಗೆದದ್ದು. ಅದರಲ್ಲಿ ಬಹಳಷ್ಟು ನಮ್ಮ ಕಣ್ಣಿಗೆ ಕಾಣುವ ಬೆಳಕೇ ಅಲ್ಲ. ಉದ್ದ ಅಲೆಯ ಬೆಳಕಿನ ಚಿತ್ರಕ್ಕೆ ಕೆಂಪು, ನಡುವಿನದಕ್ಕೆ ಹಸಿರು, ಗಿಡ್ಡ ಅಲೆಯದಕ್ಕೆ ನೀಲಿ ಕೊಟ್ಟು ಒಂದರ ಮೇಲೊಂದು ಕೂರಿಸುತ್ತಾರಂತೆ. ಚಿತ್ರಗಳ ಜೊತೆ ಟೀಚರ್ ಕಳಿಸಿದ ವಿವರ ಓದುತ್ತಿದ್ದಂತೆ ನನ್ನ ಕಣ್ಣು ಪಕ್ಕದ ಮಷೀನಿನ ಕಡೆ ಹೋಯಿತು. ನಮ್ಮ ಫ್ಲೆಕ್ಸ್ ಮಷೀನೂ ಅದನ್ನೇ ಮಾಡುವುದು! ಅದರ ಹೊಟ್ಟೆಯಲ್ಲಿ ಇರುವುದು ನಾಲ್ಕೇ ಶಾಯಿ. ಪ್ರತಿ ಶಾಯಿಗೂ ಒಂದೊಂದು ಪದರ, ಪದರ ಬರೋಬ್ಬರಿ ಕೂತರೆ ಮುಖ, ತಪ್ಪಿದರೆ ರಾಡಿ.

ಮೂರು ಮೂಲಗಳನ್ನು ಆರಿಸಿಕೊಂಡೆ. ಒಂದಕ್ಕೆ ಕೆಂಪು ಕೊಟ್ಟೆ. ಇನ್ನೊಂದಕ್ಕೆ ಹಸಿರು. ಮತ್ತೊಂದಕ್ಕೆ ನೀಲಿ. ಒಂದರ ಮೇಲೊಂದು ಜಾರಿಸಿ, ಕೋಡಿದ್ದ ಒಂದು ಚುಕ್ಕಿಯ ಕೋಡಿಗೆ ಕೋಡು ಕೂಡಿಸಿದೆ. ಕೂಡಿದ ಕ್ಷಣ ಆಕಾಶ ಬಣ್ಣಕ್ಕೆ ಬಂತು. ಬಿಳಿ ತಟ್ಟೆಗಳು, ನೀಲಿ ಸುರುಳಿಗಳು, ಮೂಲೆಯಲ್ಲಿ ಅದೇ ಕೆಂಪು ಕಣ. ಟೀಚರ್ ತಂದ ಚಿತ್ರದಷ್ಟು ಸೊಗಸಲ್ಲ, ಆದರೆ ಅದೇ ಚಿತ್ರ, ನನ್ನ ಅಂಗಡಿಯಲ್ಲಿ, ನನ್ನ ಕೈಯಲ್ಲಿ. ನಾನು ಒಂದು ಚುಕ್ಕಿಯನ್ನೂ ಸೇರಿಸಿರಲಿಲ್ಲ. ಒಂದನ್ನೂ ಒರೆಸಿರಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು "ಬಂತು!" ಎಂದು ಕೂಗಿದೆ. ಗಂಡ ಮಷೀನು ಕೆಟ್ಟಿತೆಂದು ಓಡಿಬಂದರು.

ಅವತ್ತು ಸಂಜೆ ಮನೆಯಲ್ಲಿ ಅತ್ತೆ ಧಾರಾವಾಹಿ ನೋಡಲು ಕೂತಿದ್ದರು. ನಾನು ಮೂರು ಪದರಗಳನ್ನು ಕಾಗದದ ಮೇಲೆ ಮುದ್ರಿಸಿ ತಂದು ಮುಂದೆ ಹರಡಿದೆ. ಇದು ಮೂಲ, ಇದು ಮೂಲ, ಇದು ಮೂಲ, ಬಣ್ಣ ಹೀಗೆ ಬಂತು, ಚುಕ್ಕಿ ಎಲ್ಲ ಇದ್ದಲ್ಲೇ ಇವೆ ಎಂದು ಬೆರಳಿಟ್ಟು ತೋರಿಸಿದೆ. ಅವರು ಗಮನವಿಟ್ಟೇ ಕೇಳಿದರು. ಕೇಳಿ, ಗಂಟು ಬಿದ್ದ ಜಾಗವನ್ನೇ ಹಿಡಿದರು.

"ಕಣ್ಣಿಗಿ ಕಾಣಲಾರದ ಬೆಳಕು ಅಂತೀಯಲ್ಲಬೇ. ಬೆಳಕಂದ್ರೇ ಕಾಣೋದು. ಕಾಣಲಾರದ್ದು ಎಂಥಾ ಬೆಳಕು?"

ಇದಕ್ಕೆ ಟೀಚರ್ ಫೋನಿನಲ್ಲಿ ಒಂದು ಉಪಾಯ ಹೇಳಿಕೊಟ್ಟಿದ್ದರು. ಅತ್ತೆಯ ಕೈಯಲ್ಲಿದ್ದ ಟಿವಿ ರಿಮೋಟನ್ನೇ ತೋರಿಸಿ, "ಅದರ ಮಾರಿ ಮ್ಯಾಲೆ ಸಣ್ಣ ಬಲ್ಬ್ ಅದಲ್ರಿ, ಒತ್ತಿ ನೋಡ್ರಿ, ಹತ್ತತದೇನು?" ಎಂದೆ. ಒತ್ತಿದರು. ಚಾನೆಲ್ ಬದಲಾಯಿತು, ಬಲ್ಬ್ ಹತ್ತಲಿಲ್ಲ. "ಅದರಿಂದ ಬೆಳಕು ಹೊಂಟದರಿ. ನಮಗ ಕಾಣಂಗಿಲ್ಲ, ಟಿವಿಗಿ ಕಾಣ್ತದ. ಫೋನಿನ ಕ್ಯಾಮೆರಾಕ್ಕೂ ಕಾಣ್ತದ" ಎಂದು ನನ್ನ ಫೋನಿನ ಕ್ಯಾಮೆರಾ ಹಿಡಿದೆ. "ಈಗ ಒತ್ತರಿ."

ಒತ್ತಿದರು. ಏನೂ ಕಾಣಲಿಲ್ಲ. ಮತ್ತೆ ಒತ್ತಿದರು. ಏನೂ ಇಲ್ಲ. ಅತ್ತೆ ನನ್ನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆಯ ಪಕ್ಕಕ್ಕೆ ಸರಿದು ಫೋನ್ ತಿರುವಿ ಮುರುವಿ ನೋಡುತ್ತಿದ್ದಾಗ ಸೆಲ್ಫಿ ಕ್ಯಾಮೆರಾ ತೆರೆದುಕೊಂಡಿತು. ಕೆಲವು ಫೋನುಗಳಲ್ಲಿ ಹಿಂದಿನ ಕ್ಯಾಮೆರಾ ಈ ಬೆಳಕನ್ನು ತಡೆಯುತ್ತದಂತೆ, ಮುಂದಿನದು ತಡೆಯುವುದಿಲ್ಲವಂತೆ. ಅದು ಆಮೇಲೆ ಗೊತ್ತಾದದ್ದು. ಪರದೆಯಲ್ಲಿ ಅತ್ತೆಯ ಮುಖ ಬಂತು, ಅವರ ಕೈಯಲ್ಲಿನ ರಿಮೋಟ್ ಬಂತು, ಆ ರಿಮೋಟಿನ ಮೂಗಿನ ತುದಿಯಲ್ಲಿ ಬಿಳಿ ನೇರಳೆ ಬೆಳಕೊಂದು ಪಕಪಕನೆ ಮಿನುಗಿತು.

ಅತ್ತೆ ಬೆರಳು ತೆಗೆದರು, ಬೆಳಕು ಹೋಯಿತು. ಒತ್ತಿದರು, ಬಂತು. ರಿಮೋಟ್ ತಿರುಗಿಸಿ ಬರಿಗಣ್ಣಿನಿಂದ ನೋಡಿ ಒತ್ತಿದರು, ಕತ್ತಲೆ. ಫೋನಿನಲ್ಲಿ ನೋಡಿ ಒತ್ತಿದರು, ಬೆಳಕು. ಟಿವಿಯಲ್ಲಿ ಧಾರಾವಾಹಿ ಹೋಗಿ ಹಾಡು, ಹಾಡು ಹೋಗಿ ಸುದ್ದಿ, ಏನೇನೋ ಬಂದವು. ಅವರು ನಿಲ್ಲಿಸಲಿಲ್ಲ. ಕಡೆಗೆ ರಿಮೋಟನ್ನು ಉಡಿಯಲ್ಲಿ ಇಟ್ಟುಕೊಂಡು ಮೆಲ್ಲಗೆ ಹೇಳಿದರು.

"ದಿನಾ ನನ್ನ ಕೈಯಾಗೇ ಇತ್ತು ನೋಡಬೇ. ನನ್ನ ಕಣ್ಣಿಗೇ ಗೊತ್ತಿದ್ದಿಲ್ಲ."

ಆಮೇಲೆ ನೆಲದ ಮೇಲಿನ ಮೂರು ಕಾಗದಗಳನ್ನು ಹತ್ತಿರ ಎಳೆದುಕೊಂಡರು. ಒಂದರಲ್ಲಿ ಇದ್ದ ಚುಕ್ಕಿ ಇನ್ನೊಂದರಲ್ಲಿ ಇದೆಯೇ ಎಂದು ಬೆರಳಿನಿಂದ ತಾವೇ ತಾಳೆ ನೋಡತೊಡಗಿದರು. ಗಂಡ ಬಾಗಿಲಲ್ಲಿ ನಿಂತು ಆಶ್ಚರ್ಯದಿಂದ ನೋಡುತ್ತಿದ್ದರು.

ಸಂತೆಯ ದಿನ ಅತ್ತೆಯ ತಮ್ಮ ಬಂದರು, ಕಮಿಟಿಯವರ ಫೋಟೋಗಳನ್ನು ಫೋನಿನಲ್ಲಿ ತುಂಬಿಕೊಂಡೇ ಬಂದಿದ್ದರು. ಅತ್ತೆ ಕುರ್ಚಿಯಿಂದ ಏಳದೆ ತೀರ್ಪು ಕೊಟ್ಟರು.

"ಖರೆ ಅದಲೇ. ಒಂದು ಮಾರಿನೂ ಹಾಕಬ್ಯಾಡ."

"ಅಕ್ಕಾ, ಇಷ್ಟು ಜಾಗ ಖಾಲಿ ಅದಲ್ಲ?"

"ಖಾಲಿ ಇಲ್ಲೋ, ತುಂಬ್ಯದ. ಕಣ್ಣ ಹತ್ರ ಒಯ್ದು ನೋಡು."

ಅವರು ಕಣ್ಣು ಹತ್ತಿರ ಒಯ್ದು ನೋಡಿದರು. ನಾನು ಒಂದು ಕಣ ಹಿಡಿದು ದೊಡ್ಡದು ಮಾಡಿದೆ, ಇನ್ನೊಂದು ಮಾಡಿದೆ, ಮತ್ತೊಂದು ಮಾಡಿದೆ. ಮೂಲೆಯ ಕೆಂಪು ಕಣದ ಹತ್ತಿರ ಬರುವಷ್ಟರಲ್ಲಿ ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. ಫೋಟೋಗಳ ಮಾತು ಮತ್ತೆ ಎತ್ತಲಿಲ್ಲ.

ಆ ಫ್ಲೆಕ್ಸ್ ಮುದ್ರಣವಾದ ದಿನ ನಾನು ಮಷೀನಿನ ಪಕ್ಕದಿಂದ ಕದಲಲಿಲ್ಲ. ಎಷ್ಟು ಸಾವಿರ ಮುಖಗಳು ಆ ಮಷೀನಿನಿಂದ ಇಳಿದಿವೆಯೋ! ಮೊದಲ ಸಲ ಅದರಿಂದ ಮುಖವಿಲ್ಲದ, ಹೆಸರಿಲ್ಲದ, ಶುಭ ಕೋರುವವರಿಲ್ಲದ ಆಕಾಶ ಒಂದೊಂದು ಪಟ್ಟಿಯಾಗಿ ಇಳಿಯುತ್ತಿತ್ತು. ಕಪ್ಪು ಶಾಯಿ ನೀರಿನ ಹಾಗೆ ಖರ್ಚಾಯಿತು. ಗಂಡ ಅಂಚು ಹಿಡಿದುಕೊಂಡು, "ಇದರಾಗ ಮೇಲ ಯಾವುದು, ಕೆಳಗ ಯಾವುದು?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಆಕಾಶಕ್ಕೆ ಮೇಲೆ ಕೆಳಗೆ ಎಲ್ಲಿಯದು ಎಂದು ಇಬ್ಬರೂ ನಕ್ಕೆವು.

ವಿಜ್ಞಾನ ದಿನಕ್ಕೆ ಅತ್ತೆಯನ್ನೂ ಕರೆದುಕೊಂಡು ಅಂದೋಲಾಕ್ಕೆ ಹೋದೆ. ಶಾಲೆಯ ಗೋಡೆಯ ಮೇಲೆ ಮುಂಜಾನೆಯ ಬಿಸಿಲಿನಲ್ಲಿ ನಮ್ಮ ಆಕಾಶ ತೂಗುತ್ತಿತ್ತು. ಟೀಚರ್ ಮಕ್ಕಳಿಗೆ ಆಟ ಹೂಡಿದ್ದರು: ಕೋಡಿದ್ದ ಚುಕ್ಕಿ ತೋರಿಸಿದವರಿಗೆ ಒಂದು ಮಾರ್ಕು, ಕೋಡಿಲ್ಲದ ಗ್ಯಾಲಕ್ಸಿ ತೋರಿಸಿದವರಿಗೆ ಎರಡು. ಮಕ್ಕಳೆಲ್ಲ ಮೂಗು ತಾಗುವಷ್ಟು ಹತ್ತಿರ ನಿಂತು ಕೂಗುತ್ತಿದ್ದರು. ಅತ್ತೆಯ ತಮ್ಮ ಹೊಸ ಅಂಗಿ ತೊಟ್ಟು ಮುಂದೆ ನಿಂತು, ಬಂದ ಪಾಲಕರಿಗೆಲ್ಲ ತಾವೇ ವಿವರಿಸುತ್ತಿದ್ದರು. "ಇದಕ್ಕ ಕೋಡು ಅದ, ಇದು ನಮ್ಮದು. ಇದಕ್ಕಿಲ್ಲ, ಇದು ಭಾಳ ದೂರದ್ದು. ಧೂಳ ಅನಬ್ಯಾಡ್ರಿ ಮತ್ತ!" ಆ ಗೋಡೆಯ ಮುಂದೆ ಅವರಷ್ಟು ದೊಡ್ಡ ಮನುಷ್ಯ ಅವತ್ತು ಇನ್ನೊಬ್ಬರಿರಲಿಲ್ಲ, ಗೋಡೆಯ ಮೇಲೆ ಅವರ ಫೋಟೋ ಇಲ್ಲದೆಯೂ. ಟೀಚರ್ ನನ್ನನ್ನು ಕರೆದು ಮಕ್ಕಳಿಗೆ ಹೇಳಿದರು, ಇದನ್ನು ಮುದ್ರಿಸಿದವರು ಇವರು, ಬಣ್ಣ ಹೇಗೆ ಕೂಡಿಸುತ್ತಾರೆಂದು ಇವರನ್ನು ಕೇಳಿ. ಮಕ್ಕಳು ಕೇಳಿದರು. ನಾನು ಹೇಳಿದೆ. ಗಂಟಲು ಒಣಗುವ ತನಕ ಹೇಳಿದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಮಾತಾಡಿದ್ದಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅತ್ತೆ ಕಿಟಕಿಯ ಕಡೆ ಕೂತು ಏನೋ ಯೋಚಿಸುತ್ತಿದ್ದರು. ಜೇವರ್ಗಿ ಹತ್ತಿರ ಬಂದಾಗ ಕೇಳಿದರು.

"ಆ ಸೂಜಿ ಹಾಕೋ ಶಿಬಿರದ ಫೋಟೋ ಇಟ್ಟೀಯೇನು?"

"ಇಟ್ಟೇನ್ರಿ."

"ಅದನ್ನ ದೊಡ್ಡದು ಮಾಡು. ಮಸಕಾದ್ರ ಆಗ್ಲಿ. ಬಣ್ಣ ಹಚ್ಚು ಬೇಕಾದ್ರ, ಬ್ಯಾಡ ಅನ್ನಂಗಿಲ್ಲ. ಮೈ ಮಾತ್ರ ಅವರದೇ ಇರ್ಲಿ."

ನಾನು ಅಷ್ಟು ದಿನ ಕೂತು ತಿಳಿದುಕೊಂಡದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಮೂಲ ಫೋಟೋ ಮತ್ತೆ ತೆರೆದೆ. ಆಗ ಮುಖ ಕತ್ತರಿಸುವ ಅವಸರದಲ್ಲಿ ಉಳಿದದ್ದನ್ನು ನಾನು ನೋಡಿಯೇ ಇರಲಿಲ್ಲ. ಮಾವನವರು ಅಂಗಿಯ ತೋಳು ಮಡಚಿ, ಒಂದು ಕೈಯನ್ನು ಎತ್ತಿನ ಕೊರಳ ಮೇಲೆ ಇಟ್ಟು ನಿಂತಿದ್ದರು. ಸೂಜಿಗೆ ಹೆದರಿದ ಎತ್ತನ್ನು ಸಮಾಧಾನ ಮಾಡುತ್ತಿದ್ದ ಕೈ ಅದು. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಒಂದೊಂದಾಗಿ ಬಣ್ಣ ಹೇಳಿದರು. ಅಂಗಿ ಗಿಣಿಹಸಿರು, ಅತ್ತೆಯೇ ಆರಿಸಿ ತಂದದ್ದು, ದವಾಖಾನೆಯವರೆಲ್ಲ ನಕ್ಕರೂ ಮಾವನವರು ಅದು ಹರಿಯುವ ತನಕ ತೊಟ್ಟದ್ದು. ಕಪ್ಪು ಬಿಳುಪಿನಲ್ಲಿ ಅದು ಬರೀ ಬೂದಿಯಾಗಿತ್ತು. ನನ್ನ ಪಾಡಿಗೆ ಬಿಟ್ಟಿದ್ದರೆ ಬಿಳಿ ಹಚ್ಚಿಬಿಡುತ್ತಿದ್ದೆ. ಎತ್ತನ್ನು ತೆಗೆಯಲೇ ಎಂದು ಕೇಳಿದೆ. "ಕೈ ಅದರ ಮ್ಯಾಲೇ ಅದಲ್ಲಬೇ. ಎತ್ತೂ ಇರ್ಲಿ" ಎಂದರು.

ಕೋಟಿನ ಸಾಹೇಬರು ಇಳಿದರು. ಗಿಣಿಹಸಿರು ಅಂಗಿಯ ಕಂಪೌಂಡರ್ ಎತ್ತಿನ ಸಮೇತ ಪಡಸಾಲೆಯ ಗೋಡೆಗೆ ಏರಿದರು. ಸ್ವಲ್ಪ ಮಸುಕು, ಅಂಚಿನಲ್ಲಿ ಒಂದೆರಡು ಕಲೆ. ಒರೆಸಲು ಅತ್ತೆ ಬಿಡಲಿಲ್ಲ. ಓಣಿಯ ಹೆಂಗಸೊಬ್ಬರು ಮಜ್ಜಿಗೆ ಕೇಳಲು ಬಂದವರು ಅದನ್ನು ನೋಡಿ ನಗುತ್ತ, "ಇದೇನ್ರಿ, ಪೂಜಾ ಮಾಡೋ ಫೋಟೋದಾಗ ಈ ಎತ್ತು ಯಾರ್ದ್ರಿ?" ಎಂದರು.

ಅತ್ತೆ ವಿಭೂತಿ ಬೆರಳು ಒರೆಸಿಕೊಂಡು ತಿರುಗಿದರು.

"ಎತ್ತು ಯಾರ್ದೋ ಗೊತ್ತಿಲ್ಲಬೇ. ಮೈ ನಮ್ಮವರ್ದು."